ಮುಖವಿಲ್ಲದವನ ನಡಿಗೆ

“ಇದು ನಾನಲ್ಲ!”

ಕಣ್ಣಿಗೆ ಕಟ್ಟಿದ್ದ ವಿಆರ್ ಹೆಡ್‌ಸೆಟ್ ಕಿತ್ತು ಅವನು ಕೂಗಿದ್ದು ಕನ್ನಡದಲ್ಲಿ. ಕೊಚ್ಚಿಯ ಹಳೇ ಗೋದಾಮಿನಲ್ಲಿ ನಡೆಯುತ್ತಿದ್ದ ಆ ಡಿಜಿಟಲ್ ಕಲಾ ಪ್ರದರ್ಶನದಲ್ಲಿ ಹತ್ತಿರ ನಿಂತಿದ್ದವರ ಪೈಕಿ ಮಾತು ಅರ್ಥವಾದದ್ದು ಒಬ್ಬಳಿಗೆ. ನಿಹಾರಿಕಾಗೆ.

ಅವಳು ಅವನ ಮುಖ ನೋಡಲಿಲ್ಲ. ಅವನು ಹಿಂದೆ ಸರಿದ ಹೆಜ್ಜೆ ನೋಡಿದಳು. ಎಡಗಾಲು ಒಂದಿಷ್ಟು ತಡವಾಗಿ, ನೆಲ ಸವರಿಕೊಂಡು ಬಂತು.

ಇವನೇ...!

ತಿರುವನಂತಪುರದ ಸ್ಟುಡಿಯೋದಲ್ಲಿ ಯಾರೋ ಮೈತುಂಬ ಸೆನ್ಸರ್ ಹಚ್ಚಿಕೊಂಡು ನಡೆದಿದ್ದ. ಅವಳಿಗೆ ಬಂದದ್ದು ಆ ನಡಿಗೆಯ ಫೈಲ್ ಮಾತ್ರ. ಮುಖವಿಲ್ಲ, ಹೆಸರಿಲ್ಲ, ಗೆರೆಗಳ ಒಂದು ಅಸ್ಥಿಪಂಜರ. ತಿಂಗಳುಗಟ್ಟಲೆ ಕೂತು ಅದನ್ನು ಮಂಗಳ ಗ್ರಹದ ಕೊನೆಯ ಮನುಷ್ಯನನ್ನಾಗಿ ಮಾಡಿದ್ದು ಅವಳು. ಹೆಡ್‌ಸೆಟ್ ಹಾಕಿಕೊಂಡವರ ಪಕ್ಕದಲ್ಲೇ ಅವನು ಕೆಂಪು ಮಣ್ಣಿನ ಮೇಲೆ ನಡೆಯುತ್ತಾನೆ. ನೆಟ್ಟಗೆ, ಕುಂಟದೆ.

“ನನ್ನ ಕಾಲನ್ನು ಸರಿ ಮಾಡಿದ್ದು ಯಾರು ಮಾರಾಯ್ರೇ?”

“ನಾನು.”

“ಯಾಕೆ?”

ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಅಪ್ಪ ಹೋದ ಮೇಲೆ ಹೀಗೇ. ಅಳು ಬಂದಿಲ್ಲ, ಸಿಟ್ಟೂ ಬಂದಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಚುಚ್ಚಿದ ದವಡೆಯಂತೆ ಇಡೀ ಮೈ.

“ಆಯ್ತು, ಗೊತ್ತಾಯ್ತು ಬಿಡಿ. ಬೈಕಿಂದ ಬಿದ್ದು ಕಾಲು ಮುರಿದದ್ದು ನಂದು, ನಾಚಿಕೆ ನಿಮಗೆ! ನನ್ನ ನಡಿಗೆ ಇನ್ನು ಇಲ್ಲಿ ಇರ್ಬಾರ್ದು.”

ಅವನು ಹೊರಟೇ ಹೋದ.

ತಂಡದ ಮುಖ್ಯಸ್ಥೆ ಫಾತಿಮಾ ಓಡಿಬಂದಳು. ಕಾಸರಗೋಡಿನವಳು.

“ಎಂತ ಮಾಡಿಟ್ಟಿದ್ದೀ ನೀನು? ಅಲ್ವಿನ್ ಅಂತ, ಮಂಗಳೂರಿನವ. ತಿರುವನಂತಪುರದ ಸ್ಟುಡಿಯೋದಲ್ಲಿ ಕ್ಯಾಮೆರಾ ನೋಡ್ಕೊಳ್ಳುದು. ನಟ ಕೈಕೊಟ್ಟ ದಿನ ಪಾಪ ಇವನೇ ಸೆನ್ಸರ್ ಸೂಟ್ ಹಾಕಿದ್ದು... ಹೋಗ್ಲಿ, ಬೇರೆ ಯಾರನ್ನಾದ್ರೂ ನಡೆಸುವ.”

“ಬೇಡ!”

ಅಷ್ಟು ಜೋರಾಗಿ ಬಂದ ತನ್ನ ದನಿಗೆ ನಿಹಾರಿಕಾಳೇ ಬೆಚ್ಚಿದಳು. ಎಷ್ಟೋ ಕಾಲದ ನಂತರ ಅವಳಿಗೆ ಏನೋ ಬೇಕೆನಿಸಿತ್ತು. ಅವನು ತಪ್ಪು ತಿಳಿದುಕೊಂಡೇ ದೂರವಾದರೆ ಅದೂ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಕೊಚ್ಚಿ ಪಕ್ಕದ ಆಲುವದಲ್ಲಿ ರೈಲು ಹತ್ತಿದಳು. ತಿರುವನಂತಪುರ ಅವಳು ಬೆಳೆದ ಊರು. ಅಪ್ಪನ ಕಾರ್ಯ ಮುಗಿದ ಮೇಲೆ ಆ ಕಡೆ ಹೋಗಿರಲಿಲ್ಲ. ದಾರಿಯಲ್ಲಿ ಪಳಂಪೊರಿ, ಕರಿದ ಬಾಳೆಹಣ್ಣು, ಕೊಂಡು ತಿಂದಳು. ರುಚಿ ತಿಳಿಯಲಿಲ್ಲ.

ಸ್ಟುಡಿಯೋದಲ್ಲಿ ಅಲ್ವಿನ್ ಏಣಿಯ ಮೇಲೆ ಕ್ಯಾಮೆರಾ ಬಿಗಿಯುತ್ತಿದ್ದ. ಇಳಿಯಲಿಲ್ಲ.

“ಸಾರಿ ಹೇಳ್ಲಿಕ್ಕೆ ಬಂದದ್ದಾ?”

“ಅಲ್ಲ. ಯಾಕೆ ಅಂತ ಕೇಳಿದ್ರಲ್ಲ, ಅದನ್ನ ಹೇಳೋಕೆ.”

ಏಣಿಯ ಮೇಲೆ ಅವನ ಕೈಯ ಸ್ಪ್ಯಾನರ್ ನಿಂತಿತು.

“ಸ್ಟ್ರೋಕ್ ಆದ್ಮೇಲೆ ನಮ್ಮಪ್ಪ ಹಾಗೇ ನಡೀತಿದ್ರು. ಇದೇ ಊರಲ್ಲಿ, ಕ್ವಾರ್ಟರ್ಸ್‌ನಲ್ಲಿ. ಅವರು ಹೋದ ತಿಂಗಳೇ ನಿಮ್ಮ ಫೈಲ್ ಬಂತು. ಪ್ಲೇ ಮಾಡಿದ್ರೆ... ಅಪ್ಪ ರೂಮಿಂದ ಎದ್ದು ಬಂದ ಹಾಗೆ. ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದೊಂದೇ ಫ್ರೇಮಿಂದ ಆ ಕುಂಟು ಅಳಿಸಿದೆ. ನಿನ್ನೆ ಎಲ್ಲ ವಾಪಸ್ ಹಾಕಿದೀನಿ. ಬೇಡ ಅಂದ್ರೆ ಪೂರ್ತಿ ತೆಗೀತೀನಿ.”

ಅವನು ನಿಧಾನವಾಗಿ ಇಳಿದ.

“ಹಾಗಾದ್ರೆ ನೀವು ನೋಡಿದ್ದು ನನ್ನನ್ನಲ್ಲ. ನಿಮ್ಮ ಅಪ್ಪನನ್ನು.”

“ಮೊದಲು ಹೌದು. ಆಮೇಲೆ ಅಲ್ಲ. ಅಪ್ಪ ತಿರುಗುವಾಗ ಗೋಡೆ ಹಿಡೀತಿದ್ರು. ನೀವು ತಿರುಗೋ ಮುಂಚೆ ಬಲಭುಜ ಎತ್ತುತ್ತೀರ, ಜಗಳಕ್ಕೆ ಹೊರಟವರ ಹಾಗೆ. ಕೆಲಸ ಮುಗಿದ ಮೇಲೂ ಅದನ್ನ ನೋಡೋಕೇ ಕೂತಿರ್ತಿದ್ದೆ. ಯಾರು ಅಂತಾನೂ ಗೊತ್ತಿರ್ಲಿಲ್ಲ... ನಂಗೆ ನೀವು ಇಷ್ಟ.”

ಆಟೋದವನಿಗೆ ವಿಳಾಸ ಹೇಳುವ ದನಿಯಲ್ಲಿ ಹೇಳಿದಳು.

“ಇಷ್ಟು ಸಪ್ಪೆ ಮುಖ ಇಟ್ಕೊಂಡು ಹೇಳುದಾ ಇದನ್ನ!”

“ಇರೋದೇ ಇದೊಂದು ಮುಖ.”

ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ.

“ತೆಗೀಬೇಡಿ. ಇರ್ಲಿ ಅಲ್ಲಿ.” ಸೆನ್ಸರ್ ಸೂಟನ್ನು ಅವಳತ್ತ ಚಾಚಿದ. “ನನ್ನನ್ನು ಅಷ್ಟೆಲ್ಲ ನೋಡಿದ್ರಲ್ಲ, ಈಗ ನೀವು ನಡೀರಿ. ನಂಗೂ ನೋಡ್ಬೇಕು.”

ಅವಳು ಸೂಟ್ ತೊಟ್ಟು ಗೋಡೆಯಿಂದ ಗೋಡೆಗೆ ನಡೆದಳು. ಅವನು ಪರದೆಯನ್ನು ಬಹಳ ಹೊತ್ತು ನೋಡಿದ.

“ನಿಮ್ಮ ಕೈ ಬೀಸುದೇ ಇಲ್ಲ ಮಾರಾಯ್ತಿ. ಎರಡೂ ಮೈಗೇ ಅಂಟಿಕೊಂಡಿವೆ.”

ಅವಳು ತಿರುಗಿದಳು. ಪರದೆಯ ಮೇಲೆ ಗೆರೆಗಳ ಒಬ್ಬ ಹೆಂಗಸು, ಈಗಷ್ಟೇ ಸ್ಮಶಾನದಿಂದ ಬಂದವಳಂತೆ ನಿಂತಿದ್ದಳು. ಇವಳಾ ನಾನು? ಕಣ್ಣು ಉರಿಯಿತು. ನೀರು ಬರಲಿಲ್ಲ, ಬರೀ ಉರಿ.

“ಸರಿ ಮಾಡ್ತೀರಾ?”

“ನಂಗೆ ಆ ಕೆಲಸ ಎಲ್ಲಿ ಬರ್ತದೆ!”

ಅವನು ಹತ್ತಿರ ಬಂದು ಅವಳ ಕೈ ಹಿಡಿದುಕೊಂಡ. ಅವನ ಮೈಮೇಲೆ ಸೆನ್ಸರ್ ಇರಲಿಲ್ಲ. ಹಾಗಾಗಿ ಪರದೆಯ ಮೇಲೆ ಅವಳೊಬ್ಬಳೇ ಖಾಲಿಗೆ ಕೈ ಚಾಚಿ ನಿಂತಿದ್ದಳು.

“ಹೀಗೆ ಹಿಡ್ಕೊಂಡ್ರೆ ಹೇಗೂ ಬೀಸ್ಲಿಕ್ಕೆ ಆಗುದಿಲ್ಲ,” ಎಂದ.

“ಎಷ್ಟು ಹೊತ್ತು?”

“ಬಿಡಿ ಅಂತ ನೀವು ಹೇಳುವವರೆಗೆ.”

ಅವಳು ಹೇಳಲಿಲ್ಲ.