ರೊಟ್ಟಿ ತಟ್ಟುವಾಗ ಹೊತ್ತುವ ದೀಪ

ತಟ್ಟುತ್ತಿದ್ದ ರೊಟ್ಟಿಯನ್ನು ನೀಲಗಂಗಾ ಹಂಚಿಗೆ ಹಾಕುವಷ್ಟರಲ್ಲಿ ಅವಳ ಬಸುರಿ ಹೊಟ್ಟೆಗೆ ಕಟ್ಟಿದ್ದ ಪಟ್ಟಿಯಲ್ಲಿ ಹಸಿರು ದೀಪ ಬೆಳಗುತ್ತಿತ್ತು.

"ಹತ್ತಿತು ನೋಡು ಮತ್ತ!" ಬಾಗಿಲಿಗೆ ಬಂದ ಅತ್ತೆ ಗುರುಬಾಯಿ ಕೂಗಿದಳು. "ಹಾಡವರು ಯಾರೂ ಇಲ್ಲ, ಸುಮ್ಮ ಸುಮ್ಮನ ಹತ್ತತೈತಿ. ಕೆಟ್ಟೈತಿ ಇದು."

ನೀಲಗಂಗಾ ತಿರುಗಿ ನೋಡಿದಳು. ದೀಪ ಆರಿತು.

ಆ ಪಟ್ಟಿ ಬಂದಮೇಲೆ ಬಾಗಲಕೋಟೆಯ ಬಸುರಿಯರ ಮನೆಗಳೆಲ್ಲ ಹಾಡಿನ ಮನೆಗಳಾಗಿದ್ದವು. ಗರ್ಭದಲ್ಲಿರುವ ಕೂಸು ಏನನ್ನಾದರೂ ಗಮನವಿಟ್ಟು ಕೇಳುವಾಗ ಅದರ ಎದೆಬಡಿತ ಕೊಂಚ ನಿಧಾನವಾಗುತ್ತದೆ. ಪಟ್ಟಿಯ ಸಂವೇದಕಗಳು ಅದನ್ನು ಹಿಡಿದು ದೀಪ ಹೊತ್ತಿಸುತ್ತವೆ. ಜನ್ಮದಲ್ಲಿ ಹಾಡದ ಗಂಡಸರೂ ಹೆಂಡತಿಯ ಹೊಟ್ಟೆಯ ಮುಂದೆ ಕೂತು ಗಂಟಲು ಸರಿಪಡಿಸಿಕೊಳ್ಳುವ ಕಾಲ ಅದು.

ಗುರುಬಾಯಿಯಂತೂ ಓಣಿಗೇ ಹೆಸರಾದ ಹಾಡುಗಾರ್ತಿ. ಸಂಜೆ ಸೊಸೆಯ ಪಕ್ಕದಲ್ಲಿ ಕೂತು ಅವಳು ಸೋಬಾನೆ ಎತ್ತಿದರೆ ದೀಪ ಮಿಣುಕುತ್ತಿತ್ತು, ಮನೆಮಂದಿ ಚಪ್ಪಾಳೆ ತಟ್ಟುತ್ತಿದ್ದರು. ನೀಲಗಂಗಾಳೂ ನಗುತ್ತಿದ್ದಳು. ಒಳಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು: ಹೊತ್ತವಳು ನಾನು, ಕೂಸು ಕಿವಿಗೊಡುವುದು ಅತ್ತೆಗೆ. ಹಾಡಲು ಅವಳಿಗೆ ಧೈರ್ಯವಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಟೀಚರೊಬ್ಬರು, "ನೀನು ತುಟಿ ಆಡಿಸು ಸಾಕು, ದನಿ ಬೇಡ" ಎಂದಿದ್ದರು. ಅಂದಿನಿಂದ ಮದುವೆಗಳಲ್ಲೂ ಅವಳು ತುಟಿಯನ್ನಷ್ಟೇ ಆಡಿಸುತ್ತ ಬಂದಿದ್ದಳು.

ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಫರ್ಜಾನಾ ಮುಲ್ಲಾ ಅದೇ ಊರಿನವರು. ಗುರುಬಾಯಿಯ ದೂರು ಕೇಳಿ ತಾವೇ ಬಂದರು. ದೀಪ ಹೊತ್ತಿದಾಗ ಪಟ್ಟಿ ಹಿಡಿದಿಟ್ಟಿದ್ದ ಸದ್ದನ್ನು ಅಂಗೈಯಗಲದ ಪರದೆಗೆ ಇಳಿಸಿಕೊಂಡು, "ಇಲ್ಲಿ ಯಾರೋ ಹಾಡ್ಯಾರಲ್ರಿ" ಎಂದು ಗಟ್ಟಿಯಾಗಿ ಕೇಳಿಸಿದರು.

ಟಪ್ ಟಪ್ ಎಂದು ರೊಟ್ಟಿ ತಟ್ಟುವ ಸದ್ದು. ಅದರ ಹಿಂದೆ, ಮೂಗಿಗೂ ಗಂಟಲಿಗೂ ನಡುವೆ ಎಳೆಯುತ್ತ ಸಾಗಿದ, ಮಾತಿಲ್ಲದ ಒರಟು ಗುನುಗು.

ತಾನು ಗುನುಗುತ್ತೇನೆಂಬುದೇ ನೀಲಗಂಗಾಳಿಗೆ ಗೊತ್ತಿರಲಿಲ್ಲ. ಮುಖ ಮುಚ್ಚಿಕೊಳ್ಳೋಣವೆಂದರೆ ಕೈತುಂಬ ಹಿಟ್ಟು.

"ಪಟ್ಟಿ ಕೆಟ್ಟಿಲ್ಲ," ಎಂದರು ಫರ್ಜಾನಾ. "ಹೊರಗಿನವರ ಹಾಡು ಕೂಸಿಗೆ ಬಾಜೂ ಮನ್ಯಾಗ ಹಾಡಿದಂಗ, ಗ್ವಾಡಿ ದಾಟಿ ಮಂದ ಆಗಿ ಬರತೈತಿ. ತಾಯಿ ದನಿ ಮೈಯೊಳಗಿಂದ, ಎಲುಬಿನಾಗ ಹಾದು ಇಳಿತೈತಿ. ಗುನುಗುವಾಗ ಈಕಿ ಉಸಿರೂ ನೋಡ್ರಿ, ಎಷ್ಟು ಸಮಾಧಾನ ಐತಿ! ನಾಳೆ ಹುಟ್ಟಿದ ಮ್ಯಾಲೆ ಅಳೂ ಕೂಸು ಈ ದನಿ ಗುರುತು ಹಿಡಿದು ಸುಮ್ಮನಾಗತೈತಿ."

ಗುರುಬಾಯಿ ಗಲ್ಲದ ಮೇಲೆ ಕೈಯಿಟ್ಟಳು. "ಅಂದ್ರ ಇಷ್ಟು ದಿನ ನಾ ಬಾಜೂ ಮನಿಯಾಕಿ ಏನ್ರಿ?"

ಮೂವರೂ ನಕ್ಕರು.

"ಯಾವ ಊರ ಧಾಟಿಯವ್ವಾ ಇದು? ನಾ ಎಲ್ಲೂ ಕೇಳಿಲ್ಲ," ಎಂದು ಗುರುಬಾಯಿ ಸೊಸೆಯತ್ತ ತಿರುಗಿದಳು.

"ಯಾವ ಊರಿಂದೂ ಅಲ್ರಿ ಅತ್ತಿ. ರೊಟ್ಟಿ ತಿರುಗಿದಂಗ ಅದೂ ತಿರುಗತೈತಿ."

"ಸೊಟ್ಟ ಐತಿ."

"ಹೌದ್ರಿ."

"ಇರಲಿ ಬಿಡು. ಕೇಳವರಿಗೆ ಸೇರೈತಲ್ಲ."

ಅಡುಗೆಮನೆಯಿಂದ ಏಳುವ ಮುನ್ನ ಫರ್ಜಾನಾ ಹೇಳಿದರು, "ಈ ಗುನುಗು ರೆಕಾರ್ಡ್ ಮಾಡಿ ತೊಟ್ಟಿಲಿಗೆ ತುಂಬಿ ಕೊಡತೀವಿ. ನೀ ಕೆಲಸಕ್ಕ ಹೋದ್ರೂ ಅದು ಹಾಡಕೋಂತ ಇರತೈತಿ."

"ನೋಡೂಣ್ರಿ," ಎಂದಳು ನೀಲಗಂಗಾ.

ಬಿಸಿ ರೊಟ್ಟಿಯ ತಾಟು ಹಿಡಿದು ಅತ್ತೆಯೂ ಫರ್ಜಾನಾರೂ ಪಡಸಾಲೆಗೆ ಹೋದರು. ನೀಲಗಂಗಾ ಪಟ್ಟಿ ಬಿಚ್ಚಿ ಗೂಟಕ್ಕೆ ತೂಗುಹಾಕಿದಳು. ಹಿಟ್ಟು ನಾದಿ, ತಟ್ಟುತ್ತ, ಈ ಸಲ ಗೊತ್ತಿದ್ದೇ ಗುನುಗಿದಳು. ಎಲ್ಲಿಯೂ ದೀಪ ಹೊತ್ತಲಿಲ್ಲ. ಒಳಗಿನಿಂದ ಮೆಲ್ಲಗೆ ಒಂದು ಒದೆತ ಬಂತು. ಪಟ್ಟಿಯೇ ಇಲ್ಲದ ಆ ಕಾಲದಲ್ಲಿ ಅವಳ ಅಜ್ಜಿಯೂ ಹೀಗೆಯೇ, ಕೇಳುವವರು ಯಾರೂ ಇಲ್ಲವೆಂದುಕೊಂಡು ಗುನುಗಿರಬೇಕು. ಕೇಳುವವರು ಆಗಲೂ ಒಳಗೇ ಇದ್ದರು.

"ಏನ್ ನಡಿಸೀ ಒಳಗ?" ಅತ್ತೆ ಕೂಗಿದಳು.

"ರೊಟ್ಟಿ ತಟ್ಟಾಕತ್ತೀನ್ರಿ."

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಸುತ್ತ ನಿಂತು ಹಾಡುತ್ತಾರೆ. ಅಂದು ತಾನು ಬರಿ ತುಟಿ ಆಡಿಸುವುದಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.