ಬರ್ತೀನಿ ಅನ್ನಬಾರದ ಖಣಿ

“ಖಣಿಯಾಗ ಇಳೀರಿ, ವ್ಯಾನ್ ಓಡಸ್ರಿ, ನಿಮ್ಮ ಮನಸಿಗಿ ಬಂದಂಗ ಆಡ್ರಿ. ಆದ್ರ ಅಲ್ಲಿಂದ ಹೊಂಡೋ ಮುಂದ ‘ಬರ್ತೀನಿ’ ಅಂತ ಮಾತ್ರ ಅನ್ನಬ್ಯಾಡ್ರಿ. ಬಾಯಿ ಮುಚ್ಚಿಕೊಂಡು ಹೊಂಟು ಬಿಡ್ರಿ.”

ಮಾಶಾಬಿ ಇದನ್ನು ಚಹಾ ಸೋಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು. ಆಡಕಿ ಊರು ದಾಟಿ, ಚಿಂಚೋಳಿಯ ಗುಡ್ಡಗಳು ಕಣ್ಣಿಗೆ ಬೀಳುವ ತಿರುವಿನಲ್ಲಿ ಆ ಮುದುಕಿಯ ಚಹಾದಂಗಡಿ. ಎದುರಿಗೆ ಫೋರ್ ವೀಲ್ ಡ್ರೈವ್ ವ್ಯಾನುಗಳು ಸಾಲಾಗಿ ನಿಂತಿದ್ದವು. ರಸ್ತೆ ಇಲ್ಲದ ಕಡೆಯೇ ಓಡಿಸಬೇಕೆಂಬ ಹುಚ್ಚಿನ ಗುಂಪು ಅದು. ಮುಂದಾಳು ವಾಡಿಯ ನಯೀಮ. ಗುಂಪಿಗೆ ಹೊಸಬ ಸೇಡಂನ ಶರಣಕುಮಾರ.

ಶರಣಕುಮಾರನಿಗೆ ನಗು ತಡೆಯಲಾಗಲಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ಮಾಡುವ ಅವನಿಗೆ, ಸ್ಪ್ಯಾನರ್ ಹಾಕಿ ಬಿಚ್ಚಲಾಗದ್ದೆಲ್ಲ ಸುಳ್ಳು. ಹಳೆಯ ವ್ಯಾನೊಂದನ್ನು ಕೊಂಡು, ತಾನೇ ಕೂತು ಸರಿಮಾಡಿ, ಹೆಂಡತಿ ಭಾಗ್ಯಜ್ಯೋತಿಯನ್ನು ಮೊದಲ ಸಲ ಕರೆತಂದಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳೆದುರು ಹೆದರಿದವನಂತೆ ಕಾಣಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

“ಯಾಕಬೇ, ‘ಬರ್ತೀನಿ’ ಅಂದ್ರ ಏನಾಗ್ತದ?” ಎಂದು ಕೇಳಿದ.

“ಬರಬೇಕಾಗ್ತದ, ಬೇಟಾ.”

ಆ ಖಣಿಯಲ್ಲಿ ಫರಸಿ ಕಲ್ಲು ಕಡಿಯುತ್ತಿದ್ದವನೊಬ್ಬ ಹೆಂಡತಿ ಸುಂದರಮ್ಮನಿಗೆ ‘ಬರ್ತೀನಿ’ ಎಂದು ಹೇಳಿ ಶಹಾಬಾದಿಗೆ ಹೋಗಿದ್ದನಂತೆ. ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ. ಸುಂದರಮ್ಮ ಅವನ ಹೆಜ್ಜೆಯ ಮಣ್ಣು ಬಳಿದು, ಮಾಟಗಾರನಿಂದ ಗಡಿಗೆ ಕಟ್ಟಿಸಿ, ಖಣಿಯ ತಳದಲ್ಲಿ ಫರಸಿಯಡಿ ಹೂಳಿಸಿದಳು. ಗಂಡ ಬಂದ. ಶಹಾಬಾದಿನಿಂದ ಎಲ್ಲೂ ನಿಲ್ಲದೆ ನಡೆದು ಬಂದ. ಪಾದದ ಚರ್ಮ ಹರಿದು ಎಲುಬು ಕಾಣುತ್ತಿತ್ತು. ಕಟ್ಟಿಸಿದವಳಿಗೂ ಅವನನ್ನು ನಿಲ್ಲಿಸಲು ಆಗಲಿಲ್ಲ. ನೀರಿಗಿಳಿದ ಇಬ್ಬರೂ ಮೇಲೆ ಬರಲಿಲ್ಲ. ಗಡಿಗೆ ಮಾತ್ರ ಇನ್ನೂ ತಳದಲ್ಲೇ ಇದೆ.

“ಬಾಯಿ ತಪ್ಪಿ ಅಂದ್ರ?” ಭಾಗ್ಯಜ್ಯೋತಿ ಮೆಲ್ಲಗೆ ಕೇಳಿದಳು.

ಮಾಶಾಬಿ ಆಗ ತಲೆಯೆತ್ತಿದಳು. “ಯಾರಿಗಿ ಅಂದೀರೋ ಅವರ ಮಾರಿ ನೋಡಿ ‘ಹೋಗ್ತೀನಿ’ ಅನ್ಬೇಕು ಮಗಳೇ. ಆದ್ರ ಅದೂ ಛಲೋ ಮಾತಲ್ಲ. ಅಲ್ಲಿ ಅಂದದ್ದು ಆಗ್ತದ.”

ಶರಣಕುಮಾರನಿಗೆ ತಾಯಿ ನೀಲಾಬಾಯಿಯ ನೆನಪಾಯಿತು. ಚಿಕ್ಕವನಿದ್ದಾಗ ಶಾಲೆಗೆ ಹೊರಟು ‘ಹೋಗ್ತೀನಿ ಅವ್ವ’ ಎಂದದ್ದಕ್ಕೆ ಬಾಯಿಮೇಲೆ ಹೊಡೆದು, ಒಳಗೆ ಕರೆದು ಕೂಡಿಸಿ, ನೀರು ಕುಡಿಸಿ, ‘ಬರ್ತೀನಿ’ ಅನ್ನಿಸಿಯೇ ಕಳಿಸಿದ್ದಳು. ಹೋಗುತ್ತೇನೆ ಅನ್ನುವುದು ಸಾಯುವವರ ಮಾತು ಎಂದು ಅವಳ ನಂಬಿಕೆ. ಇಲ್ಲಿ ನೋಡಿದರೆ ಅದೇ ಮಾತು ಉಲ್ಟಾ. ಒಂದು ಊರಿನ ಮೌಢ್ಯ ಇನ್ನೊಂದು ಊರಿಗೆ ಹೊಂದುವುದಿಲ್ಲವಲ್ಲ ಎಂದು ಹೆಂಡತಿಗೆ ಹೇಳಿ ನಕ್ಕ. ಅವಳು ನಗಲಿಲ್ಲ.

ಮಧ್ಯಾಹ್ನವೆಲ್ಲ ಖಣಿಯಲ್ಲಿ ಧೂಳೆದ್ದಿತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೂದು ಕಲ್ಲಿನ ಗೋಡೆಗಳ ನಡುವೆ ಎಂಜಿನ್ನುಗಳು ಗುಡುಗಿದವು. ಕ್ಲಚ್ ಸುಟ್ಟ ವಾಸನೆ. ಬಿಸಿಯಾದ ಟೈರಿನ ವಾಸನೆ. ತಳದಲ್ಲಿ ಮಾತ್ರ ನೀರು ಹಸಿರುಗಪ್ಪಾಗಿ ಅಲುಗದೆ ನಿಂತಿತ್ತು, ಅದರ ಹತ್ತಿರ ಹೋದರೆ ಬಿಸಿಲಲ್ಲೂ ಮೈ ಜುಮ್ಮೆನ್ನುತ್ತಿತ್ತು. ಹೊತ್ತು ಇಳಿಯುವ ಮೊದಲೇ ನಯೀಮ ಎಲ್ಲರನ್ನೂ ಹೊರಡಿಸಿದ. ಹೊಸಬರು ಸಾಲಿನ ನಡುವೆ ಇರಬೇಕೆಂಬುದು ಗುಂಪಿನ ರೂಢಿ. ಶರಣಕುಮಾರ ಕೇಳಲಿಲ್ಲ, ಕೊನೆಗೆ ಉಳಿದ.

ಉಳಿದ ವ್ಯಾನುಗಳು ದಿನ್ನೆ ಹತ್ತಿ ಮರೆಯಾದ ಮೇಲೆ ಅವನು ಕಿಟಕಿಯಿಂದ ತಲೆ ಹೊರಹಾಕಿ ನೀರಿಗೆ ಕೈಮುಗಿದ.

“ಬರ್ತೀನ್ರೀ, ಸುಂದರಮ್ಮ.”

“ಸುಮ್ಮ ಇರ್ರಿ,” ಎಂದು ಜ್ಯೋತಿ ಅವನ ತೋಳು ಜಗ್ಗಿದಳು.

ವ್ಯಾನು ದಿನ್ನೆ ಹತ್ತಿತು. ಜಾಲಿಮುಳ್ಳಿನ ನಡುವಿನ ದಾರಿ ಹಿಡಿಯಿತು. ಮುಂದಿನ ವ್ಯಾನಿನ ಧೂಳು ಕಾಣುತ್ತಿತ್ತು. ದಾರಿ ತಿರುಗಿತು. ತಿರುಗಿದ ಮೇಲೆ ಎದುರಿಗೆ ಮತ್ತೆ ಖಣಿ.

ದಾರಿ ತಪ್ಪಿರಬೇಕೆಂದು ಅವನು ವ್ಯಾನು ಹೊಳ್ಳಿಸಿದ. ವಾಕಿಟಾಕಿಯಲ್ಲಿ ನಯೀಮನ ದನಿ ಬಂತು, “ಶರಣು ಭಾಯ್, ಬೇವಿನಗಿಡದ ಬಲ್ಲಿ ಎಡಕ್ಕ ಹೊಳ್ರಿ.” ಬೇವಿನ ಗಿಡ ಸಿಕ್ಕಿತು. ಎಡಕ್ಕೆ ಹೊರಳಿದ. ಎದುರಿಗೆ ಖಣಿ. ಈ ಸಲ ಇನ್ನೂ ಹತ್ತಿರ. ಸೂರ್ಯ ಕಲ್ಲಿನ ಅಂಚಿಗೆ ಇಳಿದಿದ್ದ. ಎಲ್ಲಿಂದಲೋ ಲೋಬಾನದ ಹೊಗೆ, ಅದರೊಳಗೆ ಕೊಳೆತ ಲಿಂಬೆಹಣ್ಣಿನ ವಾಸನೆ. ಎಲ್ಲಿಯೋ ಕಲ್ಲಿನ ಮೇಲೆ ಉಳಿ-ಚಾಣದ ಸದ್ದು. ಟಣ್. ಟಣ್. ಅಲ್ಲಿ ಕಲ್ಲು ಕಡಿಯುವವರು ಯಾರೂ ಇರಲಿಲ್ಲ.

ವಾಕಿಟಾಕಿ ಗೊರಗೊರ ಎಂದಿತು. ನಯೀಮನ ದನಿಯಲ್ಲ. ಹೆಂಗಸು.

“ಬಂದ್ರೇನು?”

ಶರಣಕುಮಾರ ಬ್ರೇಕ್ ತುಳಿದ. ವ್ಯಾನು ನಿಲ್ಲಲಿಲ್ಲ. ರಿವರ್ಸ್ ಹಾಕಿದ. ವ್ಯಾನು ಮುಂದೆ ಹೋಯಿತು. ಕೀಲಿ ತಿರುವಿ ಎಂಜಿನ್ ಬಂದ್ ಮಾಡಿದ. ಸದ್ದು ನಿಂತಿತು. ಚಕ್ರ ನಿಲ್ಲಲಿಲ್ಲ. ಕಲ್ಲಿನ ಮೆಟ್ಟಿಲಿಂದ ಮೆಟ್ಟಿಲಿಗೆ, ಯಾರೋ ಕೈಹಿಡಿದು ಇಳಿಸಿದ ಹಾಗೆ, ಸಾವಕಾಶ. ಅವನು ಕೈಯಾರೆ ಸರಿಮಾಡಿ ನಂಬಿದ್ದ ಯಂತ್ರ ಅವನ ಮಾತು ಕೇಳುತ್ತಿರಲಿಲ್ಲ.

“ಮಾರಿ ನೋಡಿ ಅನ್ರಿ,” ಜ್ಯೋತಿ ಅವನ ಗದ್ದ ಹಿಡಿದು ಮುಖವನ್ನು ನೀರಿನ ಕಡೆ ತಿರುಗಿಸಿದಳು. “ಅನ್ರಿ.”

“ಹೋಗ್ತೀನಿ,” ಎಂದ. “ಹೋಗ್ತೀನಿ. ಹೋಗ್ತೀನಿ, ತಾಯಿ.”

ವ್ಯಾನು ನಿಂತಿತು. ಮುಂದಿನ ಒಂದು ಚಕ್ರ ನೀರಿನ ಪಕ್ಕದ ಕೊನೆಯ ಮೆಟ್ಟಿಲಿನ ಅಂಚು ದಾಟಿ ಗಾಳಿಯಲ್ಲಿತ್ತು. ಚಾಣದ ಸದ್ದೂ ನಿಂತಿತು. ಶರಣಕುಮಾರ ಸ್ಟೇರಿಂಗಿಗೆ ಹಣೆಯಿಟ್ಟು ಚಿಕ್ಕ ಹುಡುಗನ ಹಾಗೆ ಅತ್ತ. ಜ್ಯೋತಿ ಅವನ ಬೆನ್ನು ಸವರಿದಳು. ಬದುಕಿದೆವು ಎಂದು ಇಬ್ಬರಿಗೂ ಅನ್ನಿಸಿತು.

ಬ್ರೇಕ್ ಈಗ ಹಿಡಿಯುತ್ತಿತ್ತು, ಆದರೆ ಕಾಲು ತೆಗೆದರೆ ವ್ಯಾನು ಜಾರುತ್ತಿತ್ತು. ಹ್ಯಾಂಡ್‌ಬ್ರೇಕಿನ ತಂತಿ ಹರಿದಿತ್ತು. ವಾಕಿಟಾಕಿ ಸತ್ತಿತ್ತು. ಮೇಲೆ ದೂರದಲ್ಲಿ ನಯೀಮನ ಹಾರ್ನ್ ಕೇಳಿಸಿತು. ಅವನ ವ್ಯಾನಿನ ಮೂತಿಗೆ ವಿಂಚ್ ಇತ್ತು. ತಂತಿಹಗ್ಗ ಕಟ್ಟಿದರೆ ಎಳೆದುಬಿಡುತ್ತದೆ. ಜ್ಯೋತಿ ಮೆಲ್ಲಗೆ ಇಳಿದಳು, ಸೆರಗು ಸಿಗಿಸಿಕೊಂಡಳು, ದಿನಾ ಸಂತೆಗೋ ನೀರಿಗೋ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುವ ಹಾಗೆಯೇ ಹೇಳಿದಳು.

“ಕಾಲು ತೆಗೀಬ್ಯಾಡ್ರಿ. ನಯೀಮ್ ಭಾಯ್‌ಗಿ ಕರಕೊಂಡು ಬರ್ತೀನಿ.”

ಇಬ್ಬರಿಗೂ ಆ ಮಾತು ಕೇಳಿಸಿತು. ನೀರಿಗೂ ಕೇಳಿಸಿತು.

ಟಣ್. ಟಣ್.

ಲೋಬಾನದ ಹೊಗೆ ದಟ್ಟವಾಯಿತು. ಜ್ಯೋತಿಯ ಕಾಲು ತಾನಾಗಿ ಹೊರಳಿ ನೀರಿನ ಕಡೆ ಹೆಜ್ಜೆಯಿಟ್ಟಿತು. ಅವಳು ಬಾಗಿಲು ಹಿಡಿದಳು. ಬೆರಳು ಜಾರಿದವು. ಶರಣಕುಮಾರ ಕಾಲು ತೆಗೆಯುವಂತಿಲ್ಲ. ತೆಗೆದರೆ ವ್ಯಾನು ಅವಳ ಮೇಲೆಯೇ ಉರುಳುತ್ತದೆ. ಇನ್ನೊಂದು ಹೆಜ್ಜೆ. ಚಪ್ಪಲಿ ಮುಳುಗಿತು.

“ಅನ್ನು ಜ್ಯೋತಿ. ಲಗೂನ ಅನ್ನು.”

“ನಿಮಗ ಅಂದೀನಲ್ರಿ,” ಎಂದಳು. “ನಿಮ್ಮ ಮಾರಿ ನೋಡಿ ಅನ್ಬೇಕಾಗ್ತದ.”

ಅಂದರೆ ಅವಳು ತನ್ನನ್ನು ಬಿಟ್ಟೇ ಹೋಗಬೇಕಾಗುತ್ತದೆ ಎಂದು ಅವನಿಗೆ ಆಗ ತಿಳಿಯಿತು. ಆದರೂ ಅನ್ನು ಎಂದೇ ಹೇಳಿದ. ಬೇರೆ ಏನು ಹೇಳಬಹುದಿತ್ತು? ನೀರು ಅವಳ ಮೊಣಕಾಲಿಗೆ ಬಂದಿತ್ತು. ಜ್ಯೋತಿ ತಿರುಗಿ ಅವನನ್ನು ನೋಡಿದಳು. ಕಣ್ಣು ತುಂಬಿತ್ತು.

“ಹೋಗ್ತೀನ್ರಿ.”

ಹೊಗೆ ಕರಗಿತು. ಅವಳು ನೀರಿನಿಂದ ಎದ್ದು ಬಂದಳು, ವ್ಯಾನಿನ ಪಕ್ಕದಿಂದಲೇ ಹಾದು, ಒಮ್ಮೆಯೂ ನಿಲ್ಲದೆ ದಿನ್ನೆ ಹತ್ತಿದಳು. ಅವನು ಕರೆದ. ಅವಳು ಹೊರಳಿ ನೋಡಲಿಲ್ಲ.

ತುಸು ಹೊತ್ತಿಗೆ ನಯೀಮ ತಂತಿಹಗ್ಗ ಹಿಡಿದು ಇಳಿದು ಬಂದ. ಖಣಿಗೆ ಇರುವುದು ಅದೊಂದೇ ದಾರಿ.

“ಭಾಬಿ ಎಲ್ಲದಾರ?” ಎಂದು ಕೇಳಿದ.

ಜ್ಯೋತಿ ಸಿಕ್ಕಳು. ಮರುದಿನ ಚಿತ್ತಾಪುರದ ತವರುಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಪಾದದ ಚರ್ಮ ಹರಿದಿತ್ತು. ಯಾವ ದಾರಿಯಿಂದ ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಸುದ್ದಿ ಕೇಳಿದ ಶರಣಕುಮಾರ ಓಡಿಹೋದ. ಅವನು ಮುಂಬಾಗಿಲಿಗೆ ಬರುವಷ್ಟರಲ್ಲಿ ಅವಳು ಹಿತ್ತಲಿಂದ ಹೋಗಿಯಾಗಿತ್ತು. ಕಟ್ಟೆಯ ಮೇಲೆ ಅರ್ಧ ಕುಡಿದ ಚಹಾ ಇನ್ನೂ ಬಿಸಿಯಿತ್ತು. ಮತ್ತೆ ಹೋದ. ಆಗಲೂ ಅಷ್ಟೇ. ಅವಳು ಸೇಡಂ ಬಸ್ಸು ಹತ್ತಿದರೆ ಕಣ್ಣಿಗೆ ಜೊಂಪು ಹತ್ತಿ, ಎಚ್ಚರಾಗುವುದು ಇನ್ನೆಲ್ಲೋ ದೂರದ ನಿಲ್ದಾಣದಲ್ಲಿ. ಫೋನಿನಲ್ಲಿ ಮಾತ್ರ ಇಬ್ಬರೂ ಗಂಡ ಹೆಂಡತಿ.

“ನಾ ಬೇಕಂತ ಹೋಗಲಿಕತ್ತಿಲ್ರಿ,” ಎನ್ನುವಳು. “ನೀವು ಹತ್ರ ಬಂದ್ರ ಕಾಲು ತಾವೇ ಏಳ್ತಾವ.”

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಎಷ್ಟೋ ದಿನದ ನಂತರ ಗೆಲುವಿತ್ತು.

“ಈ ಖಣಿಯಾಗ ‘ಬರ್ತೀನಿ’ ಅಂದ್ರ ಬರಬೇಕಾಗ್ತದ, ಹೌದಲ್ರಿ? ನಾ ಅಂದೀನಿ. ಬಂದೀನಿ. ನೀವೂ ಬರ್ರಿ.”

ಅವಳ ಮಾತಿನ ಹಿಂದೆ ಯಾರೋ ಕಲ್ಲು ಕಡಿಯುತ್ತಿದ್ದರು. ಟಣ್. ಟಣ್. ಶರಣಕುಮಾರ ಬಹಳ ಹೊತ್ತು ಅದನ್ನು ಕೇಳುತ್ತ ನಿಂತ. ಅವನಿಗೆ ಎಲ್ಲವೂ ಗೊತ್ತಿತ್ತು. ಆದರೂ ಅವಳ ಮುಖ ನೋಡದೆ ಇರುವುದು ಅವನಿಂದ ಇನ್ನು ಆಗುವಂತಿರಲಿಲ್ಲ. ವ್ಯಾನಿನ ಕೀಲಿ ತೆಗೆದುಕೊಂಡು ಹೊಸ್ತಿಲು ದಾಟಿದ.

ಅಡುಗೆಮನೆಯಿಂದ ನೀಲಾಬಾಯಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಎಲ್ಲಿಗಿ ಹೊಂಟಿ, ಯಪ್ಪಾ?”

ಅವನು ಬಾಯಿ ತೆರೆದ. ಚಿಕ್ಕಂದಿನಿಂದ ಹೇಳುತ್ತ ಬಂದ ಮಾತು ನಾಲಗೆಗೆ ಬರಲೇ ಇಲ್ಲ.

“ಹೋಗ್ತೀನಿ, ಅವ್ವ.”