ಕೆಚ್ಚಬಾರದ ಎಳೆ

“ಗುಡ್ಡಕ್ಕ ಹೋಗ ತಂಗಿ, ಕೋಟಿ ನೋಡ, ಗವಿ ನೋಡ. ಆದ್ರ ಗವಿಯೊಳಗ ಕಡದ ಎಳಿ ಕಂಡ್ರ ಕೆಚ್ಚಬ್ಯಾಡ.”

ಮನೆಯೊಡತಿ ಸಣ್ಣವ್ವ ಹೀಗೆಂದಾಗ ಗೌತಮಿಗೆ ನಗು ತಡೆಯಲಾಗಲಿಲ್ಲ. ದೆವ್ವ ಐತಿ, ಹಾವು ಐತಿ ಅಂದಿದ್ದರೆ ಮಾತು ಬೇರೆ. ನೂಲಿನೆಳೆಗೆ ಯಾರಾದರೂ ಹೆದರುತ್ತಾರೆಯೇ? ಅದೂ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರ ಮನೆಯಲ್ಲಿ ಹುಟ್ಟಿದವಳು! ಮಗ್ಗಕ್ಕೆ ಉದ್ದುದ್ದ ಬಿಗಿದ ನೂಲಿನ ಹಾಸಿನಲ್ಲಿ ಎಳೆ ಕಡಿದರೆ ಎರಡೂ ತುದಿ ಹಿಡಿದು, ಬೆರಳಿಗೆ ಉಗುಳು ಹಚ್ಚಿ, ಹೊಸೆದು ಕೂಡಿಸುವುದೇ ಕೆಚ್ಚುವುದು. ನಡೆಯಲು ಕಲಿತ ವಯಸ್ಸಿಗೇ ಅವಳು ಅದನ್ನು ಕಲಿತಿದ್ದಳು. ಗಜೇಂದ್ರಗಡದ ತರಬೇತಿ ಕೇಂದ್ರದವರು ಅವಳನ್ನು ನೇಕಾರಿಕೆ ಕಲಿಸಲು ಕರೆಸಿಕೊಂಡದ್ದು ಆ ಬೆರಳುಗಳನ್ನು ನೋಡಿಯೇ. ಅಪ್ಪ ಇಲ್ಲದ ಮನೆ. ಊರಲ್ಲಿರುವ ತಾಯಿ, ಈಗಷ್ಟೇ ಮಗ್ಗಕ್ಕೆ ಕೂರತೊಡಗಿದ್ದ ತಂಗಿ ಶ್ವೇತಾ ಇಬ್ಬರ ಹೊಟ್ಟೆಯೂ ಆ ಬೆರಳುಗಳಿಂದಲೇ ತುಂಬಬೇಕಿತ್ತು.

“ಕೆಚ್ಚಿದ್ರ ಏನಾಕ್ಕೈತ್ರಿ ಆಯಿ?”

ಸಣ್ಣವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತ ಮಗಳು ನಿರ್ಮಲಾಳ ಬಾಯಿಗೆ ರೊಟ್ಟಿ ಮುರಿದು ಇಡುತ್ತಿದ್ದಳು. ಒಂದು ಕಾಲಕ್ಕೆ ಓಣಿಯಲ್ಲೇ ಈ ಮಗಳಂಥ ನೇಕಾರ್ತಿ ಇರಲಿಲ್ಲವಂತೆ. ಈಗ ಎರಡೂ ಕೈ ತೊಡೆಯ ಮೇಲೆ ಬಿದ್ದುಕೊಂಡಿದ್ದವು, ನೊಣ ಕೂತರೂ ಅಲುಗುತ್ತಿರಲಿಲ್ಲ. ಎಲ್ಲ ದವಾಖಾನೆ ಅಲೆದದ್ದಾಗಿತ್ತು. ಲಕ್ವಾ ಇರಬೇಕು ಪಾಪ ಎಂದುಕೊಂಡು ಗೌತಮಿ ಚಪ್ಪಲಿ ಮೆಟ್ಟಿದಳು.

“ನಾ ಹೇಳೂದು ಹೇಳೀನಿ ನೋಡವ್ವ,” ಎಂದು ಸಣ್ಣವ್ವ ಬೆನ್ನ ಹಿಂದಿನಿಂದ ಮತ್ತೊಮ್ಮೆ ಅಂದಳು.

ಭಾನುವಾರದ ಬಿಸಿಲು ಚುರುಕಾಗಿತ್ತು. ಗೌತಮಿ ಒಬ್ಬಳೇ ಗುಡ್ಡ ಹತ್ತಿದಳು. ಕೋಟೆಯ ಬಾಗಿಲು, ಪಾಚಿಗಟ್ಟಿದ ಹೊಂಡ, ಕುಸಿದ ಬುರುಜು ಎಲ್ಲ ಕಣ್ತುಂಬ ನೋಡಿದಳು. ಆಚೆಯ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ಭರ್ ಭರ್ ಎಂದು ತಿರುಗುತ್ತಿದ್ದವು. ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಎಷ್ಟೋ ದಿನದ ಮೇಲೆ ಯಾರ ಹಂಗೂ ಇಲ್ಲದೆ ಅಡ್ಡಾಡುವ ಖುಷಿ. ಆಯಿಯ ಮಾತು ನೆನಪಾಗಿ ಮತ್ತೊಮ್ಮೆ ನಕ್ಕಳು. ಆಮೇಲೆ ಬೇಕಂತಲೇ ಗವಿ ಹುಡುಕಿಕೊಂಡು ಹೋದಳು.

ಗವಿಯ ಬಾಯಿ ಗಿಡ್ಡ. ಬಗ್ಗಿ ಒಳಹೊಕ್ಕರೆ ಬಾವಲಿಯ ಹಿಕ್ಕೆಯ ನಾತ ಮೂಗಿಗೆ ಅಡರಿತು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಗಾಳಿಯಂತ್ರದ ಸಪ್ಪಳ ಕತ್ತರಿಸಿದಂತೆ ನಿಂತಿತು. ಮೊಬೈಲಿನ ಬೆಳಕು ಹಿಡಿದು ಮುಂದೆ ಸರಿದಳು. ಈಗ ಬೇರೆಯೇ ವಾಸನೆ. ಹಸಿ ಗಂಜಿಯ ವಾಸನೆ, ನೂಲಿಗೆ ಆಗಷ್ಟೇ ಹಚ್ಚಿದ ಗಂಜಿ. ಈ ಕಲ್ಲೊಳಗೆ ನೂಲಿಗೆ ಗಂಜಿ ಹಚ್ಚುವವರು ಯಾರು? ಅಲ್ಲಿಂದಲೇ ತಿರುಗಬೇಕಿತ್ತು ಹುಡುಗಿ, ತಿರುಗಲಿಲ್ಲ.

ನೆಲದಲ್ಲಿ ಒಂದು ಕುಣಿ ಇತ್ತು. ನೇಕಾರರು ಕಾಲಿಳಿಬಿಟ್ಟು ಕೂರುವಂಥದ್ದೇ ಕುಣಿ. ಅದರ ಮುಂದೆ ಎರಡು ಕಲ್ಲುಗೂಟಗಳ ನಡುವೆ ಕಪ್ಪು ಹಾಸು ಬಿಗಿದಿತ್ತು, ಒಂದೆಳೆಯಲ್ಲೂ ಧೂಳಿಲ್ಲ. ನಡುವೆ ಒಂದೇ ಒಂದು ಎಳೆ ಕಡಿದಿತ್ತು. ಗಾಳಿ ಸುಳಿಯದ ಆ ಜಾಗದಲ್ಲಿ ಅದರ ಎರಡೂ ತುದಿ ಸಣ್ಣಗೆ ನಡುಗುತ್ತಿದ್ದವು.

ಮಗ್ಗದವರ ಕೈಯ ಚಟವೇ ಹಾಗೆ. ಯಾರದೇ ಮನೆಯ ಮಗ್ಗವಿರಲಿ, ಹಾದು ಹೋಗುವಾಗ ಕಡಿದ ಎಳೆ ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಗೌತಮಿಯ ಕೈಯೂ ಹೋಯಿತು. ಬೆಳಕಿದ್ದ ಮೊಬೈಲು ಹೆಗಲಚೀಲದ ಬಾಯಿಗೆ ಸಿಕ್ಕಿಕೊಂಡಿತು, ಬೆರಳು ನಾಲಿಗೆ ಮುಟ್ಟಿ ಬಂತು, ತುದಿಗಳು ಹೊಸೆದುಕೊಂಡವು, ಉಳಿದ ಕುಚ್ಚನ್ನು ಹಲ್ಲಲ್ಲಿ ಕಡಿದು ಉಗುಳಿದಳು. ಅಷ್ಟಾದ ಮೇಲೆ ಸಣ್ಣವ್ವನ ಮಾತು ನೆನಪಾಯಿತು.

ಲಟಕ್.

ಕುಣಿಯೊಳಗಿಂದ ಬಂತು ಸಪ್ಪಳ. ಮೊಬೈಲಿನ ಬೆಳಕು ಆರಿತು. ಲಟಕ್. ಲಟಕ್. ಯಾರೋ ಮಗ್ಗ ತುಳಿಯುತ್ತಿದ್ದರು. ಅವಳು ಹಿಂದಕ್ಕೆ ಜಗ್ಗಿದಳು. ಕೈ ಬರಲಿಲ್ಲ. ಬೆರಳಿಗೆ ಎಳೆ ಸುತ್ತಿತ್ತು. ಇನ್ನೊಂದು ಸುತ್ತಿತು. ಮತ್ತೊಂದು. ತಣ್ಣಗೆ, ಒದ್ದೆಯಾಗಿ. ಕುಣಿಯಲ್ಲಿ ಏನೋ ಉಸಿರೆಳೆಯಿತು. ಅವ್ವಾ ಎಂದು ಚೀರಿದಳು. ಕಾಲು ಕಲ್ಲಿಗೆ ಒತ್ತಿದಳು. ಇದ್ದ ಬಲವೆಲ್ಲ ಹಾಕಿ ಎಳೆದಳು. ಏನೋ ಹರಿಯಿತು. ಬಿದ್ದಳು, ಎದ್ದಳು, ಓಡಿದಳು.

ಬಿಸಿಲಿಗೆ ಬಂದು ಕುಕ್ಕರಿಸಿ ಉಸಿರು ತಗೊಂಡಳು. ಬದುಕಿದೆ ಎಂದುಕೊಂಡಳು. ಬೆರಳು ನೋಡಿದರೆ ಒಂದು ಗಾಯವಿಲ್ಲ, ಒಂದೆಳೆ ನೂಲಿಲ್ಲ. ಹೆಗಲಚೀಲದಲ್ಲಿದ್ದ ನೀರಿನ ಬಾಟಲಿಗೆ ಕೈ ಚಾಚಹೋದಳು. ಕೈ ಏಳಲಿಲ್ಲ. ಎಡಗೈಯೂ ಏಳಲಿಲ್ಲ.

ಗುಡ್ಡ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಓಣಿಯ ತುದಿಗೇ ಮಗ್ಗದ ಸಪ್ಪಳ ಕೇಳಿಸಿತು, ಸಣ್ಣವ್ವನ ಮನೆಯಿಂದ. ವರ್ಷದಿಂದ ಮುಚ್ಚಿಟ್ಟ ಮಗ್ಗದಲ್ಲಿ ನಿರ್ಮಲಾ ಕೂತು ಲಾಳಿ ಓಡಿಸುತ್ತಿದ್ದಳು. ಸಣ್ಣವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಗೌತಮಿಯ ಜೋತುಬಿದ್ದ ಕೈ ಕಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಹೇಳದ ಕಳಸಿದ್ರ ಇದು ಒಬ್ರಿಂದ ಇನ್ನೊಬ್ರಿಗೆ ದಾಟಂಗಿಲ್ಲ ತಂಗಿ. ಬ್ಯಾಡಂತ ಹೇಳಿದ ಮ್ಯಾಲೂ ಕೆಚ್ಚಬೇಕ. ನೇಕಾರ್ತಿ ಕೈ ಸುಮ್ನ ಇರಂಗಿಲ್ಲಂತ ನನಗ ಗೊತ್ತಿತ್ತ. ನನ್ನ ಮಗಳಿಗೂ ಯಾರೋ ಹಿಂಗ ಹೇಳಿದ್ರ.”

ಗೌತಮಿಗೆ ಮೈಯೆಲ್ಲ ಉರಿಯಿತು. ಆ ಮುದುಕಿಯ ಕೊರಳು ಹಿಸುಕಬೇಕು ಅನ್ನಿಸಿತು, ಹಿಸುಕಲು ಕೈ ಎಲ್ಲಿತ್ತು? ಸಣ್ಣವ್ವ ಹತ್ತಿರ ಬಂದು ಕಿವಿಯಲ್ಲಿ ಅಂದಳು, “ಆ ಎಳಿ ತಾನಾ ಮತ್ತ ಕಡೀತೈತಿ. ನೀನೂ ಯಾರಿಗರ ಹೇಳ. ಮಗ್ಗದವ್ರ ಆಗಬೇಕ ಅಷ್ಟ.”

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ನಿರ್ಮಲಾ ಎದ್ದು ಬಂದು ಚೀಲದಿಂದ ತೆಗೆದು ಅವಳ ಕಿವಿಗೆ ಹಿಡಿದಳು. ಊರಿನಿಂದ ಶ್ವೇತಾ. ಖಣದ ಹಾಸು ಮುಗಿಯಿತಂತೆ, ಮುಂದಿನ ಭಾನುವಾರ ಬರುತ್ತಾಳಂತೆ, ಕೋಟೆ ತೋರಿಸಬೇಕಂತೆ. ಬರಬೇಡ ಅನ್ನಲು ಗೌತಮಿ ಬಾಯಿ ತೆರೆದಳು. ಕಣ್ಣೆದುರಿಗೆ ಮೊಬೈಲು ಹಿಡಿದ ನಿರ್ಮಲಾಳ ಬೆರಳುಗಳಿದ್ದವು. ಐದೂ ಬೆರಳು ಚುರುಕಾಗಿ ಆಡುತ್ತಿದ್ದವು. ಗೌತಮಿಯ ಕಣ್ಣಲ್ಲಿ ದಳದಳ ನೀರು ಇಳಿಯಿತು.

“ಬಾ ಶ್ವೇತಾ,” ಅಂದಳು. “ಗುಡ್ಡಕ್ಕ ಹೋಗಿ ಬಾ. ಆದ್ರ ಗವಿಯೊಳಗ ಕಡದ ಎಳಿ ಕಂಡ್ರ ಕೆಚ್ಚಬ್ಯಾಡ.”

ಆ ಕಡೆ ಶ್ವೇತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.